ಯಮುನಮ್ಮ ಅತ್ತ ದೃಶ್ಯ

ಚಟ್ಟಕ್ಕೆ ಬಿದಿರು ಸೀಳುತ್ತಿದ್ದ ಹೂವಯ್ಯನ ಕೈಯಿಂದ ಶಿವರಾಮ ಕತ್ತಿ ಕಿತ್ತುಕೊಂಡು ಗೇಟಿನ ಕಡೆ ನಡೆದುಬಿಟ್ಟ. ಅಂಗಳದಲ್ಲಿ ಕೂತಿದ್ದವರಿಗೆ ಮೊದಲು ಏನೆಂದೇ ತಿಳಿಯಲಿಲ್ಲ. ಗೇಟಿನ ಆಚೆ ಬೈಕ್ ನಿಲ್ಲಿಸಿ, ಸುಗಂಧರಾಜದ ಹಾರ ಹಿಡಿದು ನಿಂತಿದ್ದ ಮೊಬೈಲ್ ಅಂಗಡಿಯ ದುರ್ಗೇಶನನ್ನು ಕಂಡ ಮೇಲೆ ನಾಲ್ಕೈದು ಜನ ಒಟ್ಟಿಗೇ ಎದ್ದರು.

"ಶಿವರಾಮಾ, ಕತ್ತಿ ಕೊಡು ಇಲ್ಲಿ." ಹೂವಯ್ಯ ಹಿಂದಿನಿಂದ ಓಡಿಬಂದು ಅವನ ಮುಂಗೈ ಹಿಡಿದ. ಪಕ್ಕದ ಮನೆಯವನು, ಶಿವರಾಮನನ್ನು ಎತ್ತಿ ಆಡಿಸಿದವನು. "ನಿಮ್ಮಮ್ಮ ಒಳಗೆ ಮಲಗಿದಾಳೆ ಮಾರಾಯ. ಇವತ್ತು ಬ್ಯಾಡ."

"ನಮ್ಮಮ್ಮನ್ನ ಬಿಸಿಲಲ್ಲಿ ಕೂರಿಸಿ ಕೊಂದೋನು ಹಾರ ತಗಂಡು ಬಂದಿದಾನೆ. ನಾನು ನೋಡ್ತಾ ಕೂರ್ಲಾ?"

"ಅಣ್ಣ," ದುರ್ಗೇಶ ಗೇಟು ಮುಟ್ಟದೆ ಹೇಳಿದ, "ಒಂದ್ಸಲ ಅಜ್ಜಿ ಮುಖ ನೋಡಿ ಹೋಗ್ತೀನಿ."

"ಮುಖ ನೋಡ್ಬೇಕಾ? ಸರ್ಕಲ್ಲಲ್ಲಿ ಹತ್ತಡಿ ಎತ್ತರ ಕಟ್ಟಿದೀಯಲ್ಲ, ಹೋಗಿ ಅಲ್ಲೇ ನೋಡು!"

ಕತ್ತಿ ಹೂವಯ್ಯನ ಕೈಗೆ ಹೋಗಿತ್ತು, ಆದರೆ ಶಿವರಾಮನ ಮುಷ್ಟಿ ಬಿಚ್ಚಿರಲಿಲ್ಲ. ಎಲ್ಲರೂ ಜಗಲಿಯ ಕಡೆ ತಿರುಗಿದರು. ಅಲ್ಲಿ ಕಂಬಕ್ಕೆ ಒರಗಿ ಕೂತಿದ್ದ ಸುಬ್ಬಪ್ಪ, ಸತ್ತವಳ ಗಂಡ, ತಲೆ ಎತ್ತಿರಲಿಲ್ಲ. ಮಗನನ್ನು ತಡೆಯಲೂ ಇಲ್ಲ, ಬಂದವನನ್ನು ಕರೆಯಲೂ ಇಲ್ಲ.

ದುರ್ಗೇಶ ಸ್ವಲ್ಪ ಹೊತ್ತು ಕಾದ. ಆಮೇಲೆ ಹಾರವನ್ನು ಗೇಟಿನ ಸರಳಿಗೆ ಸಿಕ್ಕಿಸಿ ಬೈಕ್ ಹತ್ತಿದ.

ಹತ್ತು ನಿಮಿಷವೂ ಆಗಿರಲಿಲ್ಲ, ಕಾನ್‌ಸ್ಟೆಬಲ್ ಗಣೇಶಮೂರ್ತಿ ಬಂದ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಶಿವರಾಮನನ್ನು ಪಕ್ಕಕ್ಕೆ ಕರೆದ.

"ನೋಡಿ ಶಿವರಾಮಣ್ಣ, ಸರ್ಕಲ್ ಮೇಲೆ ಹೋಗೋದು ಬ್ಯಾಡ. ಕೆರೆ ಏರಿ ಮೇಲೆ ಹೋದ್ರೂ ಸ್ಮಶಾನಕ್ಕೆ ಅಷ್ಟೇ ದೂರ. ಸರ್ಕಲ್ಲಲ್ಲಿ ಹುಡುಗ್ರು ಸೇರಿದಾರೆ. ಗಡಿ ಕಡೆ ಗಲಾಟೆ ಶುರುವಾದಾಗಿಂದ ಎಲ್ರ ತಲೆನೂ ಬಿಸಿ ಇದೆ."

"ನಲವತ್ತು ವರ್ಷ ಅವ್ಳು ಪೇಟೆಗೆ ಹೋಗಿದ್ದು ಸರ್ಕಲ್ ಮೇಲೆನೇ. ಇವತ್ತು ಕಳ್ಳದಾರಿಲಿ ಯಾಕೆ ಹೋಗ್ಬೇಕು?"

"ಅಲ್ಲ, ಏನಾದ್ರೂ ಆದ್ರೆ..."

"ಆದ್ರೆ ನೀವಿದೀರಲ್ಲ."

ಗಣೇಶಮೂರ್ತಿ ಹೋಗಲಿಲ್ಲ. ಅಂಗಳದ ಮೂಲೆಯಲ್ಲಿ ಕುರ್ಚಿ ಎಳೆದುಕೊಂಡು ಕೂತ.

•

ಯಮುನಮ್ಮನನ್ನು ಊರಿನ ಜನ ಬಿಸಿಯೂಟದ ಯಮುನಮ್ಮ ಎಂದೇ ಗುರುತಿಸುತ್ತಿದ್ದುದು. ಹದಿನಾರು ವರ್ಷ ಶಾಲೆಯಲ್ಲಿ ಅಡುಗೆ ಮಾಡಿದ್ದಳು. ಅದಕ್ಕೂ ಎಷ್ಟೋ ಮೊದಲು, ಅವಳಿಗೆ ಇಪ್ಪತ್ತೈದು ವರ್ಷವಾಗಿದ್ದಾಗ, ಹೊಸನಗರದ ಹತ್ತಿರದ ಹಳ್ಳಿಯೊಂದಕ್ಕೆ ಸಿನಿಮಾದವರು ಬಂದು ಬಯಲಲ್ಲಿ ಮಣ್ಣಿನ ಗೋಡೆಯ ಐದು ಮನೆ ಕಟ್ಟಿದರು, ಸುಡುವುದಕ್ಕೆ. ಅವರಿಗೆ ಅಡುಗೆ ಮಾಡಲು ಹೋದ ಹೆಂಗಸರಲ್ಲಿ ಅವಳೂ ಒಬ್ಬಳು.

ಅದು ಯುದ್ಧದ ಸಿನಿಮಾ, ಆದರೆ ಅದರಲ್ಲಿ ಸಿಪಾಯಿಗಳು ಇರಲಿಲ್ಲ. ಯಾವ ದೇಶ, ಯಾರ ಮೇಲೆ ಯಾರ ಯುದ್ಧ ಎಂದೂ ಹೇಳಿರಲಿಲ್ಲ. ಮೇಲೆ ವಿಮಾನದ ಸದ್ದು, ಕೆಳಗೆ ಹಳ್ಳಿ. ಭತ್ತ ಕುಟ್ಟುವವರು, ನೀರಿಗೆ ಹೋದವರು, ಆಡುವ ಮಕ್ಕಳು. ಕೊನೆಗೆ ಬೆಂಕಿ.

ಕುಸಿದ ಗೋಡೆಯ ಅಡಿ ತಾಯಿಯೊಬ್ಬಳು ಮಗುವನ್ನು ಹುಡುಕುವ ದೃಶ್ಯಕ್ಕೆ ಬೆಂಗಳೂರಿನಿಂದ ಬಂದಿದ್ದ ನಟಿಯ ಅಳು ನಿರ್ದೇಶಕರಿಗೆ ಒಪ್ಪಿಗೆಯಾಗಲಿಲ್ಲ. ಎರಡು ದಿನ ಹಾಳಾಯಿತು. ಮೂರನೆಯ ದಿನ ಊಟ ಬಡಿಸುತ್ತಿದ್ದ ಯಮುನಮ್ಮನನ್ನು ಅವರು ಬಹಳ ಹೊತ್ತು ನೋಡಿದರು.

"ನೀವು ಮಾಡ್ತೀರಾ ತಾಯಿ?"

ಅವಳು ನಕ್ಕುಬಿಟ್ಟಳು. ಆದರೂ ಅವರು ಬಿಡದೆ, ಒಲೆಯ ಪಕ್ಕದ ಕಲ್ಲಿನ ಮೇಲೆ ಕೂತು ತಿಳಿಯುವಂತೆ ಹೇಳಿದರು. ಯುದ್ಧ ಅಂದರೆ ಎಲ್ಲರೂ ಬಂದೂಕು ತೋರಿಸುತ್ತಾರೆ. ಮನೆಯಲ್ಲಿದ್ದು ಸಾಯುವವರನ್ನು ಯಾರೂ ತೋರಿಸುವುದಿಲ್ಲ. "ಈ ಒಂದು ಅಳು ನೋಡಿದವರಿಗೆ ಇನ್ನೊಬ್ಬರ ಮೇಲೆ ಗುಂಡು ಹಾರಿಸೋ ಮನಸ್ಸು ಬರಬಾರದು. ಅಷ್ಟೇ ನನಗೆ ಬೇಕಾಗಿದ್ದು."

ಅವಳು ಒಪ್ಪಿದಳು. ಒಪ್ಪಿದರೂ ಅಳು ಬರಲಿಲ್ಲ. ಬಟ್ಟೆ ಸುತ್ತಿದ ಗೊಂಬೆಯನ್ನು ಮಣ್ಣಿನಿಂದ ಎತ್ತಿಕೊಂಡು ಪೆಚ್ಚಾಗಿ ನಿಂತಳು. ಮೂರು ಸಲ ಹಾಗೇ ಆಯಿತು. ಆಗ ಜೊತೆಯ ಹೆಂಗಸೊಬ್ಬಳು ನಿರ್ದೇಶಕರ ಸಹಾಯಕನ ಹತ್ತಿರ ಏನೋ ಹೇಳಿದಳು. ಅವನು ಹೋಗಿ ನಿರ್ದೇಶಕರ ಕಿವಿಯಲ್ಲಿ ಹೇಳಿದ. ಅವರು ಅವಳ ಹತ್ತಿರ ಬಂದರು, ಸ್ವಲ್ಪ ಹಿಂಜರಿದರು, ಆಮೇಲೆ ಕೇಳಿಯೇಬಿಟ್ಟರು.

"ನಿಮ್ಮ ಮಗೂಗೆ ಏನು ಹೆಸರಿಟ್ಟಿದ್ರಿ?"

ಹಿಂದಿನ ಮಳೆಗಾಲ ಮೂರು ವರ್ಷದ ಮಗು ಜ್ವರದಲ್ಲಿ ಹೋಗಿತ್ತು. ತೀರ್ಥಹಳ್ಳಿಯ ಆಸ್ಪತ್ರೆಗೆ ಎಂದು ಎತ್ತಿಕೊಂಡು ಹೊರಟವರಿಗೆ, ಹೊಳೆ ತುಂಬಿ ಬಸ್ಸು ನಿಂತಲ್ಲೇ ನಿಂತಿತ್ತು.

"ಆ ಹೆಸರು ಹಿಡಿದು ಕರೀರಿ," ಎಂದರು ನಿರ್ದೇಶಕರು.

ಅವಳು ಕರೆದಳು. ಒಂದೇ ಸಲ. ಕ್ಯಾಮೆರಾ ನಿಂತ ಮೇಲೂ ಅವಳು ನಿಲ್ಲಿಸಲಿಲ್ಲ. ದೀಪ ಹಿಡಿದಿದ್ದವನು ದೀಪ ಬಿಟ್ಟು ಆಚೆ ಹೋದ. ಗೊಂಬೆಯನ್ನು ಅವಳ ಕೈಯಿಂದ ಬಿಡಿಸಲು ಇಬ್ಬರು ಬೇಕಾಯಿತು.

•

ಹೂವಯ್ಯ ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ. ಒಳಗೆ ಹೆಂಗಸರು ಯಮುನಮ್ಮನಿಗೆ ಅರಿಶಿನ ಹಚ್ಚಿ, ಹಸಿರು ಸೀರೆ ಉಡಿಸಿ, ಹೂ ಮುಡಿಸಿದ್ದರು. ಮೊಮ್ಮಗಳು ಲಿಖಿತಾ ಅಜ್ಜಿಯ ಕಾಲ ಬಳಿ ಕೂತಿದ್ದಳು. ಪಿಯುಸಿ ಓದುವ ಹುಡುಗಿ, ಬೆಳಗಿನಿಂದ ಫೋನು ಮುಟ್ಟಿರಲಿಲ್ಲ.

"ಆ ದುರ್ಗೇಶಂಗೆ ನೀನು ಸಿನಿಮಾ ತೋರ್ಸಿದ್ದೆ ಅಲ್ವನೇ?" ಎಂದು ಒಬ್ಬ ಹೆಂಗಸು ಕೇಳಿದಳು.

"ತೋರ್ಸಿದ್ದೆ. ಯೂಟ್ಯೂಬಲ್ಲಿ ಪೂರ್ತಿ ಇದೆ. ಅಜ್ಜಿ ಅಳೋ ಜಾಗ್ದಲ್ಲಿ ನಿಲ್ಸಿ ತೋರ್ಸಿದೆ. ಸರ್ಕಲ್ಲಲ್ಲಿ ಅವನು ಕಟ್ಟಿರೋ ಫ್ಲೆಕ್ಸಲ್ಲಿರೋದೂ ಅದೇ ಮುಖ, ಒಂಚೂರೂ ಬೇರೆ ಇಲ್ಲ. ನೋಡಿದ. ನೋಡಿ, ಇದು ಎಡಿಟ್ ಮಾಡಿರೋದು ಅಂದ."

"ಅವಂಗೆ ಗೊತ್ತಾಗಿತ್ತು," ಎಂದು ಶಿವರಾಮ ಬಾಗಿಲಲ್ಲಿ ನಿಂತು ಹೇಳಿದ. "ಗೊತ್ತಾಗೇ ಅಂದಿದ್ದು. ಮುನ್ನೂರು ಜನ ಸೇರ್ಸಿ ಭಾಷಣ ಮಾಡಿದ್ನಲ್ಲ ಅದ್ರ ಮುಂದೆ. ಹೆಂಗೆ ಇಳಿಸ್ತಾನೆ?"

ಜಗಲಿಯಲ್ಲಿ ಸುಬ್ಬಪ್ಪ ಕೆಮ್ಮಿದ. ಮಗ ಅವನ ಕಡೆ ನೋಡಿ ಬಾಯಿ ಮುಚ್ಚಿಕೊಂಡ. ಅಮ್ಮ ಎರಡು ದಿನ ಸರ್ಕಲ್ಲಿನಲ್ಲಿ ಕೂತರೂ ಅತ್ತ ಬಾರದ ಅಪ್ಪನ ಮೇಲೂ ಅವನಿಗೆ ಸಿಟ್ಟಿತ್ತು.

•

ಆ ಸಿನಿಮಾ ಸಾಗರದ ಟಾಕೀಸಿಗೆ ಬಂದಾಗ ಸುಬ್ಬಪ್ಪ ಒಬ್ಬನೇ ಹೋಗಿದ್ದ. ರಸ್ತೆ ಗ್ಯಾಂಗಿನಲ್ಲಿ ಕೆಲಸ, ಒಂದು ದಿನ ರಜೆ ಹಾಕಿ ಮಧ್ಯಾಹ್ನದ ಆಟಕ್ಕೆ ಹೋದ. ಹೆಂಡತಿ ಸಿನಿಮಾದಲ್ಲಿ ಅತ್ತಿದ್ದಾಳೆ ಎಂದು ಗೊತ್ತಿತ್ತು. ಹೇಗೆ ಎಂದು ಗೊತ್ತಿರಲಿಲ್ಲ. ಅವಳೂ ಹೇಳಿರಲಿಲ್ಲ.

ಮುಕ್ಕಾಲು ಖಾಲಿಯಿದ್ದ ಟಾಕೀಸಿನ ಕತ್ತಲಲ್ಲಿ, ಪರದೆಯಷ್ಟು ದೊಡ್ಡ ಮುಖದಿಂದ, ಅವನ ಮಗನ ಹೆಸರು ಕೇಳಿತು. ಅವನು ಎದ್ದು ನಿಂತ. ಹಿಂದಿನವರು ಕೂತ್ಕೊಳ್ರೀ ಎಂದು ಕೂಗಿದರು. ಅವನು ಕಾಲು ಎಡವುತ್ತ ಹೊರಗೆ ಬಂದು ಟಿಕೆಟ್ ಕೊಡುವ ಕಿಂಡಿಯ ಗೋಡೆಗೆ ಹಣೆ ಹಚ್ಚಿ ನಿಂತ.

ಸಂಜೆ ಮನೆಗೆ ಬಂದು ಕೇಳಿದ್ದು ಒಂದೇ ಮಾತು.

"ಅವನ ಹೆಸ್ರು ಯಾಕೆ ಕೊಟ್ಟೆ ಅವ್ರಿಗೆ?"

ಬಸುರಿಯಾಗಿದ್ದ ಯಮುನಮ್ಮ ಎದ್ದು ಒಳಗೆ ಹೋದಳು. ಆ ದಿನದಿಂದ ಆ ಮನೆಯಲ್ಲಿ ಆ ಹೆಸರನ್ನು ಇಬ್ಬರೂ ಎತ್ತಲಿಲ್ಲ. ಆಮೇಲೆ ಹುಟ್ಟಿದ ಶಿವರಾಮನಿಗೆ ತನಗಿಂತ ಮೊದಲು ಒಂದು ಮಗು ಇತ್ತು ಎಂದು ಹೇಳಿದವರು ನೆಂಟರು. ಏನು ಹೆಸರು ಎಂದು ಕೇಳಿದರೆ ಅಮ್ಮ ಏಳುತ್ತಿದ್ದಳು, ಅಪ್ಪ ಬೀಡಿ ಹಚ್ಚುತ್ತಿದ್ದ. ಗಂಡ ಹೆಂಡತಿ ಜಗಳವಾಡದೆ ಬಾಳಿದರು. ನೆಗಡಿಯಾದರೆ ಅವಳಿಗೆ ಅವನು ಕಷಾಯ ಕಾಸಿ ಕೊಡುತ್ತಿದ್ದ. ಅವಳು ಮಾತ್ರ ಆಮೇಲೆ ಯಾವ ಸಿನಿಮಾಕ್ಕೂ ಹೋಗಲಿಲ್ಲ. ಟಿವಿಯಲ್ಲಿ ಯಾರಾದರೂ ಅತ್ತರೆ ಎದ್ದು ಒಳಗೆ ಹೋಗುತ್ತಿದ್ದಳು.

•

ಹೋದ ವಾರ ಸಾಗರದಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬಸ್ಸಿನಲ್ಲಿ ಬರುತ್ತಿದ್ದ ಯಮುನಮ್ಮ, ಸರ್ಕಲ್ಲಿನಲ್ಲಿ ಎರಡು ಕಂಬಗಳ ನಡುವೆ ಕಟ್ಟಿದ್ದ ಫ್ಲೆಕ್ಸ್ ಕಂಡಳು. ಮಣ್ಣು ಮೆತ್ತಿದ ಕೆನ್ನೆ, ತೆರೆದ ಬಾಯಿ, ಎದೆಗೆ ಅವುಚಿದ ಬಟ್ಟೆಯ ಗಂಟು. ಕೆಳಗೆ ಕೆಂಪಕ್ಷರ: ಈ ತಾಯಿಯ ಕಣ್ಣೀರಿಗೆ ರಕ್ತವೇ ಉತ್ತರ. ಅದರ ಕೆಳಗೆ ಕೈ ಮುಗಿದ ಹುಡುಗರ ಫೋಟೋಗಳು. ಮೊದಲನೆಯದು ದುರ್ಗೇಶನದು.

ಗಡಿಯ ಹಳ್ಳಿಯ ತಾಯಿ ಎಂದು ಆ ಚಿತ್ರ ಯಾವುದೋ ಗ್ರೂಪಿನಿಂದ ದುರ್ಗೇಶನ ಫೋನಿಗೆ ಬಂದಿತ್ತಂತೆ.

ಅವಳು ಮೊದಲು ಅವನ ಮೊಬೈಲ್ ಅಂಗಡಿಗೆ ಹೋಗಿ ಹೇಳಿದಳು. ಅವನು ನಕ್ಕ. ಲಿಖಿತಾ ಹೋಗಿ ತೋರಿಸಿದಳು, ಆಗ ನಗಲಿಲ್ಲ. ಮಾರನೆಯ ದಿನ ಬೆಳಗ್ಗೆ ಯಮುನಮ್ಮ ಗೋಣಿಚೀಲ ಹಾಸಿಕೊಂಡು ಫ್ಲೆಕ್ಸಿನ ಕೆಳಗೆ ಕೂತಳು. ಬಸ್ಸು ಇಳಿದವರಿಗೆ, ತರಕಾರಿ ತರುವವರಿಗೆ, ತಾಲೂಕು ಆಫೀಸಿಗೆ ಹೋಗುವವರಿಗೆ ಎಲ್ಲರಿಗೂ ಕರೆದು ಹೇಳಿದಳು.

"ಇದು ನಾನು. ಸಿನಿಮಾದಾಗೆ ಅತ್ತಿದ್ದು. ನನ್ ಮಗೂನ ಯಾರೂ ಕೊಂದಿಲ್ಲ, ಜ್ವರ ಬಂದು ಹೋತು. ತೀರ್ಥೇಶ ಅಂತ ಹೆಸ್ರು. ಅವನ ಹೆಸ್ರಲ್ಲಿ ಯಾರನ್ನೂ ಕೊಲ್ಲಬ್ಯಾಡಿ."

ಕೆಲವರು ನಿಂತು ಕೇಳಿದರು. ಕೆಲವರು ವೀಡಿಯೋ ಮಾಡಿದರು. ಒಬ್ಬ, ಆ ಕಡೆಯವರು ಎಷ್ಟು ಕೊಟ್ರಜ್ಜಿ ಎಂದ. ಕೆಲಸ ಬಿಟ್ಟು ಬಂದ ಶಿವರಾಮ ಗೋಗರೆದರೂ ಅವಳು ಏಳಲಿಲ್ಲ. ಅಣ್ಣನ ಹೆಸರು ಅವನಿಗೆ ಗೊತ್ತಾದದ್ದು ಅಲ್ಲಿ, ಬಸ್ಸುಗಳ ಹಾರ್ನಿನ ನಡುವೆ.

ಎರಡನೆಯ ದಿನ ಮಧ್ಯಾಹ್ನ ದುರ್ಗೇಶ ನೀರಿನ ಬಾಟಲಿ ಹಿಡಿದು ಬಂದ.

"ಏಳಿ ಅಜ್ಜಿ. ಬಿಸಿಲು ಹೆಂಗಿದೆ ನೋಡಿ."

"ಏಳು ವರ್ಷ ನಿನ್ ತಟ್ಟೆಗೆ ಸಾರು ಬಡಿಸಿದೀನಿ. ನಾನು ಸುಳ್ಳು ಹೇಳ್ತೀನಾ ದುರ್ಗೇಶಾ?"

ಅವನು ಬಾಟಲಿ ಇಟ್ಟು ಹೋದ. ಅವಳು ಅವನ ಬೆನ್ನಿಗೆ ಹೇಳಿದಳು. "ಈ ಅಳು ನೋಡಿದೋರಿಗೆ ಗುಂಡು ಹಾರಿಸೋ ಮನ್ಸು ಬರಲ್ಲ ಅಂದಿದ್ರು ಕಣಾ. ಅದ್ಕೇ ಅತ್ತೆ ನಾನು."

ಅದೇ ಹೊತ್ತಿಗೆ ಸುಬ್ಬಪ್ಪ ಬುತ್ತಿ ಹಿಡಿದು ಮನೆಯಿಂದ ಹೊರಟಿದ್ದ. ಸರ್ಕಲ್ಲಿಗೆ ನಾಲ್ಕು ಅಂಗಡಿ ಇರುವಾಗ ಅವಳ ದನಿ ಕೇಳಿತು. ಅವಳು ಆ ಹೆಸರು ಹೇಳುತ್ತಿದ್ದಳು. ಅವನು ಅಲ್ಲಿಂದಲೇ ತಿರುಗಿ ಬಂದ.

ಸಂಜೆ ಮನೆಗೆ ಬಂದ ಯಮುನಮ್ಮ ಎದೆ ಹಿಡಿದಂತಾಗುತ್ತಿದೆ ಎಂದು ಮಲಗಿದಳು. ಬೆಳಗ್ಗೆ ಲಿಖಿತಾ ಕಾಫಿ ತಂದು ಎಬ್ಬಿಸಿದಾಗ ಏಳಲಿಲ್ಲ.

•

ಹನ್ನೊಂದು ಗಂಟೆಗೆ ಚಟ್ಟ ಎತ್ತಿದರು. ಮುಂದೆ ಬೆಂಕಿಯ ಮಡಕೆ ಹಿಡಿದು ಶಿವರಾಮ, ಹಿಂದೆ ಹೆಗಲು ಕೊಟ್ಟ ನಾಲ್ವರು, ಅವರ ಪಕ್ಕದಲ್ಲಿ ಸುಬ್ಬಪ್ಪ. ಬೀದಿಯ ತಿರುವಿನವರೆಗೆ ಎಂದು ಬಂದ ಹೆಂಗಸರು ತಿರುವಿನಲ್ಲಿ ನಿಲ್ಲಲಿಲ್ಲ. ಲಿಖಿತಾ ಮುಂದೆ ನಡೆದಳು, ಉಳಿದವರು ಅವಳ ಹಿಂದೆ. ಗಣೇಶಮೂರ್ತಿ ಫೋನಿನಲ್ಲಿ ಯಾರಿಗೋ ಸರ್ ಸರ್ ಎನ್ನುತ್ತ ಓಡೋಡಿ ಬರುತ್ತಿದ್ದ.

ಸರ್ಕಲ್ಲಿನಲ್ಲಿ ಹದಿನೈದು ಇಪ್ಪತ್ತು ಹುಡುಗರು ಫ್ಲೆಕ್ಸಿನ ಎರಡೂ ಕಂಬಕ್ಕೆ ಒರಗಿ ನಿಂತಿದ್ದರು. ಅಂಗಡಿಯವರು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತರು. ಎರಡು ಅಂಗಡಿಗಳ ಷಟರ್ ಅರ್ಧ ಇಳಿಯಿತು.

ಶಿವರಾಮನ ಹೆಜ್ಜೆ ನಿಧಾನವಾಯಿತು. ಅವನು ತಲೆ ಎತ್ತಿ ಫ್ಲೆಕ್ಸ್ ನೋಡಿದ, ಆಮೇಲೆ ದುರ್ಗೇಶನನ್ನು ನೋಡಿದ.

"ನಡೀರಿ, ನಡೀರಿ, ನಿಲ್ಬ್ಯಾಡಿ," ಎಂದ ಗಣೇಶಮೂರ್ತಿ.

"ಇಳಿಸಿ," ಎಂದ ಸುಬ್ಬಪ್ಪ.

ಹೊತ್ತವರು ಒಬ್ಬರ ಮುಖ ಒಬ್ಬರು ನೋಡಿದರು. ಅರ್ಧ ದಾರಿಯಲ್ಲಿ ಒಮ್ಮೆ ಇಳಿಸುವುದು ವಾಡಿಕೆ, ಆದರೆ ಇಲ್ಲಲ್ಲ. "ಇಳಿಸೋ ಜಾಗ ಮುಂದೈತಲ್ಲ ಮಾರಾಯ, ಅರಳಿಕಟ್ಟೆ ಹತ್ರ," ಎಂದು ಹೂವಯ್ಯ ಪಿಸುಗುಟ್ಟಿದ.

"ಇಲ್ಲೇ ಇಳಿಸಿ ಹೂವಯ್ಯ."

ಇಳಿಸಿದರು. ಫ್ಲೆಕ್ಸಿನ ನೆರಳು ಚಟ್ಟದ ಮೇಲೆ ಬಿತ್ತು. ಹುಡುಗರ ಗುಂಪಿನಿಂದ ಒಬ್ಬ, "ಹೆಣ ಇಟ್ಕಂಡು ಗಲಾಟೆ ಮಾಡಾಕೆ ಬಂದಿರೇನು?" ಎಂದು ಕೂಗಿದ. ಶಿವರಾಮ ಅತ್ತ ನುಗ್ಗಿದ. ಗಣೇಶಮೂರ್ತಿ ಅವನ ಸೊಂಟ ಬಳಸಿ ಹಿಡಿದ. ಮಡಕೆಯಿಂದ ಎರಡು ಕೆಂಡ ರಸ್ತೆಗೆ ಹಾರಿದವು.

ಸುಬ್ಬಪ್ಪ ಯಾರನ್ನೂ ನೋಡದೆ ನಡೆದು ಹೋಗಿ ದುರ್ಗೇಶನ ಎದುರು ನಿಂತ. ಕೂಗಿದ ಹುಡುಗ ಹಿಂದೆ ಸರಿದ.

"ಬಾಯಿ ತೆರ್ದಿದಾಳಲ್ಲ ಅದ್ರಾಗೆ," ಎಂದು ಮುದುಕ ಕತ್ತೆತ್ತದೆ ಮೇಲೆ ಬೆರಳು ತೋರಿಸಿದ. "ಏನು ಕೂಗ್ತಿದಾಳೆ ಗೊತ್ತಾ ನಿಂಗೆ?"

ದುರ್ಗೇಶ ಬೆರಳು ಹೋದ ಕಡೆ ನೋಡಿದ.

"ತೀರ್ಥಾ ಅಂತ."

ಹೂವಯ್ಯ ಹೆಗಲ ಟವೆಲಿನಿಂದ ಕಣ್ಣೊತ್ತಿಕೊಂಡ.

"ನನ್ ಮಗ. ಮೂರು ವರ್ಷ. ಅಪ್ಪಯ್ಯ ಅನ್ನಾಕೆ ಬರ್ತಿರ್ಲಿಲ್ಲ, ಅಪ್ಪಿಯಾ ಅಂತಿದ್ದ. ಹೊಳೆ ಬಂದಿತ್ತು, ಬಸ್ಸು ದಾಟ್ಲಿಲ್ಲ. ನನ್ ತೊಡೆ ಮೇಲೇ ಹೋದ. ಯಾವ ದೇಶದೋರೂ ಕೊಂದಿದ್ದಲ್ಲ. ಇವ್ಳು ಅವನ ಹೆಸ್ರು ಸಿನಿಮಾದೋರಿಗೆ ಕೊಟ್ಲು ಅಂತ ನಾನು ನಲವತ್ತು ವರ್ಷ ಆ ಹೆಸ್ರೇ ಎತ್ಲಿಲ್ಲ. ನಿನ್ನೆ ಇಲ್ಲಿ ಒಬ್ಳೇ ಕೂತು ಎಲ್ರಿಗೂ ಹೇಳ್ತಿದ್ಲು. ಬುತ್ತಿ ತಗಂಡು ಅಲ್ಲಿ ತನಕ ಬಂದು ವಾಪಸ್ ಹೋದೆ. ನಾನೂ ಹೌದು ಅಂತ ಒಂದು ಮಾತು ಅಂದಿದ್ರೆ ನೀನು ನಂಬ್ತಿದ್ಯೇನೋ."

"ಅಜ್ಜ," ಎಂದ ದುರ್ಗೇಶ. "ಆ ಫೋಟೋ ನೋಡಿ ನಾನು ಅತ್ತಿದ್ದೆ ಅಜ್ಜ. ನಿಜವಾಗ್ಲೂ. ಅದ್ಕೇ ಹಾಕ್ಸಿದ್ದು. ಲಿಖಿತಾ ತೋರ್ಸಿದಾಗ ಗೊತ್ತಾತು. ಎಲ್ರ ಮುಂದೆ ಹೆಂಗೆ ಇಳಿಸೋದು ಅಂತ..."

"ಏ ದುರ್ಗೇಶಾ, ಬಿಡಾ," ಎಂದು ಗೆಳೆಯನೊಬ್ಬ ತೋಳು ಹಿಡಿದ.

ದುರ್ಗೇಶ ತೋಳು ಕೊಡವಿಕೊಂಡು ಕಂಬ ಹತ್ತಿದ. ಮೂಲೆಗೆ ಬಿಗಿದಿದ್ದ ನೈಲಾನ್ ಹಗ್ಗದ ಗಂಟು ಬಿಸಿಲಿಗೆ ಗಟ್ಟಿಯಾಗಿತ್ತು. ಬೆರಳಿಗೆ ಬಾರದೆ ಹಲ್ಲಿನಿಂದ ಕಚ್ಚಿ ಎಳೆದ. ಕೆಳಗೆ ಹುಡುಗರಲ್ಲಿ ಇಬ್ಬರು ಬೈದುಕೊಳ್ಳುತ್ತ ಹೊರಟುಹೋದರು. ಉಳಿದವರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಒಬ್ಬ ಇನ್ನೊಂದು ಕಂಬ ಹತ್ತಿದ. ನಾಲ್ಕನೆಯ ಗಂಟು ಬಿಚ್ಚಿದಾಗ ಫ್ಲೆಕ್ಸ್ ಗಾಳಿಯಲ್ಲಿ ಒಮ್ಮೆ ಉಬ್ಬಿ, ರಸ್ತೆಯ ಮೇಲೆ ಅಂಗಾತ ಬಿತ್ತು.

ತೀರ್ಥಹಳ್ಳಿಯ ಬಸ್ಸು ಬಂದು ಅದರ ಅಂಚಿನಲ್ಲಿ ನಿಂತಿತು. ಡ್ರೈವರ್ ಎಂಜಿನ್ ಆಫ್ ಮಾಡಿದ. ಗಣೇಶಮೂರ್ತಿ ಶಿವರಾಮನ ಸೊಂಟ ಬಿಟ್ಟ. ಶಿವರಾಮ ಇದ್ದಲ್ಲೇ ನಿಂತ, ಕೈಯಲ್ಲಿ ಮಡಕೆ ಹೊಗೆಯಾಡುತ್ತಿತ್ತು.

ದುರ್ಗೇಶ ಮಂಡಿಯೂರಿ ಒಂದು ಬದಿಯಿಂದ ಮಡಚತೊಡಗಿದ. ಎರಡನೆಯ ಮಡಿಕೆ ಸರಿಯಾಗಿ ಮುಖದ ನಡುವೆ ಬೀಳುವಂತಿತ್ತು. ಅವನ ಕೈ ನಿಂತಿತು. ಮಡಚಿದ್ದನ್ನೆಲ್ಲ ಬಿಚ್ಚಿ ಮತ್ತೊಂದು ಬದಿಯಿಂದ ಶುರುಮಾಡಿದ. ಅಷ್ಟಗಲದ ಫ್ಲೆಕ್ಸ್ ಒಬ್ಬನ ಹತೋಟಿಗೆ ಬರಲಿಲ್ಲ. ಆಚೆ ತುದಿ ಗಾಳಿಗೆ ಏಳುತ್ತಲೇ ಇತ್ತು.

ಸುಬ್ಬಪ್ಪ ಬಗ್ಗಿ ಆ ತುದಿಯ ಎರಡು ಮೂಲೆ ಹಿಡಿದ.

"ನಿಧಾನ," ಎಂದ.

ಇಬ್ಬರೂ ಎದ್ದು ನಿಂತು ಫ್ಲೆಕ್ಸನ್ನು ಎಳೆದು ಬಿಗಿಮಾಡಿದರು. ಆಮೇಲೆ, ಒಣಗಿದ ಸೀರೆ ಮಡಚುವವರ ಹಾಗೆ, ಕೈಯಲ್ಲಿದ್ದ ಅಂಚು ಜಾರದಂತೆ ನೋಡಿಕೊಳ್ಳುತ್ತ, ಮುದುಕನೂ ಹುಡುಗನೂ ಒಬ್ಬರ ಕಡೆಗೊಬ್ಬರು ನಡೆದು ಬಂದರು.